ಒಂದು ನಾರ್ಮಲ್ ತಲೆ

ಮಧ್ಯಾಹ್ನ ಎರಡು ಗಂಟೆಯೊಳಗೆ ಗಗನಾ ಏಳು ಮದುವೆ, ಎರಡು ಗೃಹಪ್ರವೇಶ, ಒಂದು ವೈಕುಂಠ ಸಮಾರಾಧನೆ ಓದಿ ಮುಗಿಸಿದ್ದಳು. ಸುಲ್ತಾನ್‌ಪೇಟೆಯ ರೇವಣಸಿದ್ದಯ್ಯನವರ ಕಾರ್ಡಿನ ಅಂಗಡಿಯಲ್ಲಿ ಅವಳ ಕೆಲಸವೇ ಅದು. ಕಾರ್ಡು ಅಚ್ಚಿಗೆ ಹೋಗುವ ಮೊದಲು ಪ್ರೂಫ್ ನೋಡುವುದು. ವರನ ತಾತನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋದರೆ ಮದುವೆಯೇನೂ ನಿಲ್ಲುವುದಿಲ್ಲ, ಆದರೆ ಆ ಮನೆಯವರು ಮುಂದಿನ ಮದುವೆಯನ್ನು ಪಕ್ಕದ ಅಂಗಡಿಗೆ ಕೊಡುತ್ತಾರೆ ಎಂಬುದು ಯಜಮಾನರ ಸಿದ್ಧಾಂತ. ಅವಳು ಪೆನ್ಸಿಲಿನ ತುದಿಯನ್ನು ಅಕ್ಷರದಿಂದ ಅಕ್ಷರಕ್ಕೆ ನಡೆಸುತ್ತ ಓದುತ್ತಿದ್ದಳು, ಒಂದೊಂದು ಸಾಲು ಮುಗಿದಾಗಲೂ ಅಲಮೇಲು ಮಿಸ್ ಅವಳ ಬಲಗಿವಿಯ ಹಿಂದೆ, ಒಂದು ಗೇಣು ದೂರದಿಂದ, 'ತಪ್ಪು' ಎನ್ನುತ್ತಿದ್ದರು. ಅಲಮೇಲು ಮಿಸ್ ಅಂಗಡಿಯಲ್ಲಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಮಲ್ಲೇಶ್ವರದ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುತ್ತಿದ್ದ ಅವರು ಈಗ ಎಲ್ಲಿದ್ದಾರೋ ಗಗನಾಗೆ ಗೊತ್ತಿರಲಿಲ್ಲ. ಧ್ವನಿ ಮಾತ್ರ ಅವಳ ಪಾಲಿಗೆ ಉಳಿದುಕೊಂಡಿತ್ತು. ಸಾಲು ಸರಿಯಿದ್ದರೂ ತಪ್ಪು, ತಪ್ಪಿದ್ದರೂ ತಪ್ಪು. ಮಿಸ್ಸಿನ ಮಾತನ್ನು ನಂಬುವಂತಿಲ್ಲ, ಬಿಡುವಂತಿಲ್ಲ. ಹಾಗಾಗಿ ಪ್ರತಿ ಸಾಲನ್ನೂ ಎರಡೆರಡು ಬಾರಿ ಓದಬೇಕು. ಹಾಗಾಗಿಯೇ ಇಡೀ ಸುಲ್ತಾನ್‌ಪೇಟೆಯಲ್ಲಿ ಅವಳಷ್ಟು ಚೆನ್ನಾಗಿ ಪ್ರೂಫ್ ನೋಡುವವರಿಲ್ಲ ಎಂದು ಹೆಸರಾಗಿತ್ತು. ಈ ಹೆಸರಿನಲ್ಲಿ ಅರ್ಧ ಮಿಸ್ಸಿಗೆ ಸಲ್ಲಬೇಕೆಂದು ಗಗನಾ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದರೆ ಬಾಯಿ ಬಿಡಬೇಕಲ್ಲ.

ಮೂರೂವರೆಗೆ ಅವಳು ಕುಮಾರ ಪಾರ್ಕಿನ ಕೇಂದ್ರಕ್ಕೆ ಹೋಗಬೇಕಿತ್ತು. ಎರಡು ವಾರದ ಹಿಂದೆ ಅಲ್ಲಿ ಅವಳ ಮೆದುಳಿನ ಚಿತ್ರ ತೆಗೆದಿದ್ದರು. ಇವತ್ತು ಅದನ್ನು ತೋರಿಸಿ, ಒಂದು ಪ್ರಿಂಟ್ ಕೊಟ್ಟು ಕಳಿಸುತ್ತಾರೆ. ಚಿತ್ರದಲ್ಲಿ ಮಿಸ್ ಸಿಕ್ಕಿಬಿದ್ದಿರುತ್ತಾರೋ ಇಲ್ಲವೋ ಎಂಬುದಷ್ಟೇ ಗಗನಾಗೆ ಬೇಕಾಗಿತ್ತು. ಸಿಕ್ಕಿಬಿದ್ದಿದ್ದರೆ ಕೇಂದ್ರದವರೇ ಹೇಳುತ್ತಾರೆ, ನಿನಗೆ ಹೀಗೊಂದಿದೆ ಅಂತ. ಅವಳು ತಲೆ ಆಡಿಸಿದರೆ ಸಾಕು. ತಲೆ ಆಡಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಇದೆಲ್ಲ ಶುರುವಾದದ್ದು ಒಂದು ಕೊಂಬಿನಿಂದ. ಎರಡು ತಿಂಗಳ ಹಿಂದೆ ಡಾಕ್ಟರ್ ರಾಮಾನುಜ ಮಗಳ ಮದುವೆಯ ಕಾರ್ಡು ಮಾಡಿಸಲು ಅಂಗಡಿಗೆ ಬಂದಿದ್ದರು. "ಮೇಲ್ಗಡೆ ಶ್ರೀಮತೇ ರಾಮಾನುಜಾಯ ನಮಃ ಅಂತ ಇರತ್ತಲ್ಲ, ಅದು ನಾನಲ್ಲ," ಎಂದು ತಾವೇ ನಕ್ಕರು. ರೇವಣಸಿದ್ದಯ್ಯನವರು ಗಿರಾಕಿಗೆ ಎಷ್ಟು ನಗಬೇಕೋ ಅಷ್ಟು ನಕ್ಕರು. ಎರಡನೇ ಸಲ ಬಂದಾಗ ಪ್ರೂಫ್ ಮನೆಗೆ ಹೋಗಿ ಓಕೆ ಆಗಿ ಬಂದಿತ್ತು. ಆದರೂ ಗಗನಾ ಓದಿದಳು. ಮಿಸ್ ಎಲ್ಲ ಸಾಲಿಗೂ ಎಂದಂತೆ ಅಲ್ಲೂ ತಪ್ಪು ಎಂದರು. ಅವಳು ಮತ್ತೆ ಓದಿದಳು. 'ವಧೂವರರನ್ನು ಆಶೀರ್ವದಿಸಲು' ಎಂದಿರಬೇಕಾದಲ್ಲಿ 'ವಧೆವರರನ್ನು' ಎಂದಿತ್ತು. ಅವಳು ಮಾತಾಡದೆ ಹಾಳೆಯನ್ನು ಕೌಂಟರಿನ ಮೇಲೆ ತಿರುಗಿಸಿ ಪೆನ್ಸಿಲಿನ ತುದಿ ಇಟ್ಟಳು. ಡಾಕ್ಟರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. "ಅಯ್ಯೋ ರಾಮ, ಮಗಳ ಮದುವೆಗೆ ಕರೆದು ಕಗ್ಗೊಲೆ ಮಾಡಿಸ್ತಿದ್ನಲ್ಲ ನಾನು. ಇದನ್ನ ನಮ್ಮನೇಲಿ ಮೂರು ಜನ ಪಿಎಚ್‌ಡಿಗಳು ನೋಡಿ ಕಳಿಸಿದಾರೆ," ಎಂದರು. "ನಮ್ಮ ಹುಡುಗಿ ಬಾಯಿ ಬಿಡಲ್ಲ ಸಾರ್, ಕಣ್ಣು ಬಿಡ್ತಾಳೆ," ಎಂದರು ರೇವಣಸಿದ್ದಯ್ಯ, ಎತ್ತು ಮಾರುವವರ ಹೆಮ್ಮೆಯಲ್ಲಿ. ಡಾಕ್ಟರು ಅವಳನ್ನೇ ನೋಡುತ್ತಾ, "ಎಷ್ಟನೇ ಕ್ಲಾಸ್‌ವರೆಗೂ ಓದಿದೀಯಮ್ಮಾ?" ಎಂದು ಕೇಳಿದರು. ಈ ಪ್ರಶ್ನೆಗೆ ಗಗನಾ ಹನ್ನೆರಡು ವರ್ಷದಿಂದ ಚಪ್ಪಲಿಯ ಉಂಗುಟವನ್ನೇ ನೋಡುತ್ತ ಬಂದಿದ್ದಳು. "ಒಂಬತ್ತು. ಪೂರ್ತಿ ಅಲ್ಲ." ಡಾಕ್ಟರ ಮುಖ ಕರ್ಪೂರ ಹಚ್ಚಿದಂತೆ ಬೆಳಗಿತು. "ವಯಸ್ಸು? ಇಪ್ಪತ್ತಾರಾ? ಬಲಗೈಲಿ ಬರೀತೀಯಾ? ಎಲ್ಲಿದ್ದೆ ತಾಯಿ ನೀನು ಇಷ್ಟು ದಿನ?"

ಅವರಿಗೆ ಬೇಕಾಗಿದ್ದದ್ದು ಓದು ಬಿಟ್ಟವರು. ಅವರು ಮನೋರೋಗಿಗಳ ಮೆದುಳನ್ನೂ ನಾರ್ಮಲ್ ಜನರ ಮೆದುಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ರೋಗಿಗಳು ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಿದ್ದು ಶಾಲೆ ಬಿಟ್ಟವರು. ನಾರ್ಮಲ್ ಅಂತ ಬರುವವರೆಲ್ಲ ಎಂ.ಎಸ್ಸಿ. ಹುಡುಗಿಯರು. "ಆಮೇಲೆ ಎರಡು ಮೆದುಳಿನ ಮಧ್ಯೆ ವ್ಯತ್ಯಾಸ ಕಂಡ್ರೆ ಅದು ಕಾಯಿಲೇದೋ ಬೀಜಗಣಿತದ್ದೋ ಹೇಗೆ ಹೇಳೋದು?" ಎಂದು ಡಾಕ್ಟರು ಕೌಂಟರಿನ ಮೇಲಿದ್ದ ಎರಡು ಸ್ಯಾಂಪಲ್ ಕಾರ್ಡುಗಳನ್ನು ಮೆದುಳುಗಳಂತೆ ಎತ್ತಿ ಹಿಡಿದು ವಿವರಿಸಿದರು. "ನೋಡಿ ಯಜಮಾನ್ರೇ, ಸಕ್ಕರೆ ಕಾಯಿಲೆಗೆ ರಕ್ತ ನೋಡ್ತಾರೆ. ಮೂಳೆ ಮುರಿದ್ರೆ ಎಕ್ಸ್‌ರೇ. ನಮ್ಮ ವಿಭಾಗದಲ್ಲಿ ಮಾತ್ರ ನೂರು ವರ್ಷದಿಂದ 'ಏನಾಗ್ತಿದೆ ಹೇಳಮ್ಮ' ಅಂತ ಕೇಳ್ಕೊಂಡು ಕೂತಿದೀವಿ. ರೋಗಿ ಹೇಳಿದ್ದೇ ರೋಗ. ಇದೇನು ವಿಜ್ಞಾನವೇ? ಶಾಸ್ತ್ರ ಕೇಳೋ ಹಾಗಾಯ್ತು. ಇನ್ನು ಹತ್ತು ವರ್ಷ, ಬಾಯೇ ಬಿಡೋದು ಬೇಡ. ಸುಮ್ನೆ ಮಲಗಿದ್ರೆ ಆಯ್ತು, ಮಷೀನ್ ಹೇಳತ್ತೆ." ರೇವಣಸಿದ್ದಯ್ಯ, "ಹಂಗಾದ್ರೆ ನಮ್ಮ ಹುಡುಗಿಗೆ ಹೇಳಿ ಮಾಡಿಸಿದಂಗಿದೆ ಸಾರ್," ಎಂದರು. ಬಾಯೇ ಬಿಡೋದು ಬೇಡ. ಗಗನಾ ಪೆನ್ಸಿಲನ್ನು ಅಡ್ಡ ಹಿಡಿದು ಆ ಮಾತನ್ನು ಅಕ್ಷರ ಅಕ್ಷರವಾಗಿ ಓದಿಕೊಂಡಳು. ಅದರಲ್ಲಿ ಒಂದು ತಪ್ಪೂ ಕಾಣಲಿಲ್ಲ. ಬರುತ್ತೇನೆ ಎಂದು ತಲೆ ಆಡಿಸಿದಳು.

ಕೇಂದ್ರದಲ್ಲಿ ಮೊದಲು ಒಂದು ಫಾರಂ ಕೊಟ್ಟಿದ್ದರು. ಕೊಟ್ಟವಳು ಸುಪ್ರಜಾ, ಡಾಕ್ಟರ ಕೈಕೆಳಗೆ ಸಂಶೋಧನೆ ಮಾಡುವವಳು, ಕೂದಲನ್ನು ಗಂಟು ಹಾಕಿ ಅದಕ್ಕೊಂದು ಪೆನ್ನು ಚುಚ್ಚಿಕೊಂಡು, ಬೇರೆ ಪೆನ್ನು ಹುಡುಕುತ್ತಾ ಓಡಾಡುವವಳು. ಫಾರಮಿನ ಮೂರನೇ ಪ್ರಶ್ನೆ, 'ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಮನೋರಾಗ ಇದೆಯೇ' ಎಂದಿತ್ತು. ಗಗನಾ ಮೊದಲು ಅದನ್ನು 'ಮನೋರೋಗ' ಎಂದು ತಿದ್ದಿ ಆಮೇಲೆ 'ಇಲ್ಲ' ಎಂದು ಬರೆದಳು. ಏಳನೇ ಪ್ರಶ್ನೆಯಲ್ಲಿ ಕಾಗುಣಿತದ ತಪ್ಪಿರಲಿಲ್ಲ. 'ಬೇರೆ ಯಾರಿಗೂ ಕೇಳಿಸದ ಧ್ವನಿ ನಿಮಗೆ ಎಂದಾದರೂ ಕೇಳಿಸಿದ್ದುಂಟೆ?' ಅವಳು ಬಹಳ ಹೊತ್ತು ಆ ಸಾಲಿನ ಮುಂದೆ ಕೂತಳು. ಹೌದು ಎಂದರೆ ಮಷೀನಿನ ಹತ್ತಿರವೇ ಬಿಡುವುದಿಲ್ಲ, ಎದುರಿಗೆ ಕೂರಿಸಿಕೊಂಡು 'ಏನಾಗ್ತಿದೆ ಹೇಳಮ್ಮ' ಶುರುಮಾಡುತ್ತಾರೆ. ಇಲ್ಲ ಎಂದರೆ ಒಳಗೆ ಮಲಗಿಸುತ್ತಾರೆ, ಆಗ ಮಷೀನು ತಾನಾಗಿ ಹಿಡಿಯುತ್ತದೆ, ಅವಳು ಸುಳ್ಳು ಹೇಳಿದ್ದನ್ನೂ ಸೇರಿಸಿ. 'ಇಲ್ಲ' ಎಂದು ದುಂಡಗೆ ಬರೆದಳು. ತಪ್ಪು, ಎಂದರು ಮಿಸ್. ಈ ಸಲ ಅವರು ಹೇಳಿದ್ದು ಸರಿಯಾಗಿತ್ತು.

ಮಿಸ್ ನಿಜವಾಗಿ ಇದ್ದಾಗ ಅಷ್ಟೊಂದು ಸಲ ಹೇಳಿದವರಲ್ಲ. ಮೂರು ಸಲ, ಅದೂ ಮೆತ್ತಗೆ. ಬೋರ್ಡಿನ ಹತ್ತಿರ ಕರೆದು ಎ ಪ್ಲಸ್ ಬಿ ಇಡೀ ವರ್ಗ ಎಷ್ಟು ಬರಿ ಎಂದರು. ಗಗನಾ ಎ ವರ್ಗ ಪ್ಲಸ್ ಬಿ ವರ್ಗ ಎಂದು ಬರೆದಳು. ತಪ್ಪು. ಅಳಿಸಿ ಮತ್ತೆ ಅದನ್ನೇ ಬರೆದಳು. ತಪ್ಪು. ಮೂರನೆಯ ಸಲ ಅದನ್ನೇ ಇನ್ನೂ ದೊಡ್ಡದಾಗಿ ಬರೆದಾಗ ಹಿಂದಿನ ಬೆಂಚಿನಿಂದ ನಗು ಎದ್ದು ಮುಂದಿನ ಬೆಂಚಿಗೆ ಬಂತು. ಮಿಸ್ಸೂ ನಕ್ಕರೋ ಇಲ್ಲವೋ, ಅವಳು ಬೋರ್ಡಿನ ಕಡೆ ತಿರುಗಿದ್ದರಿಂದ ಇವತ್ತಿಗೂ ಗೊತ್ತಿಲ್ಲ. ಆ ಪೀರಿಯಡ್ ಮುಗಿಯುವವರೆಗೂ ಹಾಗೇ ನಿಂತಿದ್ದಳು, ಬಾ ಕೂತ್ಕೋ ಎಂದರೂ ಬರಲಿಲ್ಲ. ಬೆರಳಿನ ಬೆವರಿಗೆ ಚಾಕ್‌ಪೀಸ್ ಹಿಟ್ಟಾಗಿತ್ತು. ಮಾರನೆಯ ದಿನ ಶಾಲೆಗೆ ಹೋಗುವುದಿಲ್ಲ ಎಂದಳು. ಯಾಕೆ ಎಂದು ಅಮ್ಮ ಅಕ್ಕಯಮ್ಮ ಹತ್ತು ಸಲ ಕೇಳಿದಳು. ಎಲ್ಲರೂ ನಕ್ಕರು ಎಂಬುದು ಕಾರಣದ ಹಾಗೆ ಕಾಣಲಿಲ್ಲ. ಕಾರಣ ಅಂದರೆ ಅದಕ್ಕೊಂದು ತೂಕವಿರಬೇಕು. "ಮಿಸ್ ಕೆನ್ನೆಗೆ ಹೊಡೆದ್ರು," ಎಂದಳು. ಅಕ್ಕಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ವೈಯಾಲಿಕಾವಲಿನಿಂದ ಶಾಲೆಯವರೆಗೂ ಅವಳನ್ನು ಎಳೆದುಕೊಂಡೇ ನಡೆದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೆಡ್‌ಮಾಸ್ಟರಿಗೂ ಆಯಾಗೂ ಹೊರಗಿನ ಬಟಾಣಿ ಮಾರುವವನಿಗೂ ಕೇಳುವ ಹಾಗೆ ಬೈದಳು. ನಿನ್ನ ಕೈ ಸೇದಿಹೋಗ ಎಂದೂ ಅಂದಳು. ಅಲಮೇಲು ಮಿಸ್ ಊಟದ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ಎದ್ದು ನಿಂತರು. ಹೊಡೆದೆ ಎನ್ನಲಿಲ್ಲ, ಹೊಡೆದಿಲ್ಲ ಎನ್ನಲಿಲ್ಲ. ಗಗನಾಳನ್ನು ನೋಡಿದರು, ಅವಳು ಬಾಯಿ ಬಿಡಬಹುದೇನೋ ಎಂದು. ಆಮೇಲೆ ಹೆಡ್‌ಮಾಸ್ಟರು ಹೇಳಿದರೆಂದು ಕ್ಷಮೆ ಕೇಳಿದರು. ಮಿಸ್ ಒಮ್ಮೆಯೂ 'ತಪ್ಪು' ಎನ್ನದೆ ಇದ್ದದ್ದು ಅವತ್ತೊಂದೇ ದಿನ. ಮಾರನೆಯ ಬೆಳಿಗ್ಗೆ ಗಗನಾ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದಾಗ ಬಲಗಿವಿಯ ಹಿಂದೆ ಬಂದು ನಿಂತು ಶುರುಮಾಡಿದರು.

ಮಷೀನಿನೊಳಕ್ಕೆ ಕಳಿಸುವಾಗ ಸುಪ್ರಜಾ, "ಲೋಹ ಏನೂ ಇರಬಾರ್ದು. ಓಲೆ, ಬಳೆ, ಪಿನ್ನು, ಕ್ಲಿಪ್ಪು, ಎಲ್ಲಾ ತೆಗೀರಿ," ಎಂದು ಒಂದು ಪ್ಲಾಸ್ಟಿಕ್ ಬುಟ್ಟಿ ಕೊಟ್ಟಿದ್ದಳು. ಗಗನಾ ತನ್ನದೆಲ್ಲ ಬಿಚ್ಚಿ ಹಾಕಿದಳು. ಅಲಮೇಲು ಮಿಸ್ ಮಾತ್ರ ಸ್ಟೀಲ್ ಫ್ರೇಮಿನ ಕನ್ನಡಕ, ಎರಡೂ ಕೈಯ ಬಳೆ, ಸೆರಗಿನ ದೊಡ್ಡ ಪಿನ್ನು ಸಮೇತ ಒಳಗೆ ಬಂದರು. ಯಾರೂ ತಡೆಯಲಿಲ್ಲ. ಅಕ್ಕಿಯ ಡಬ್ಬದಂಥ ಕೊಳವೆಯಲ್ಲಿ ಮಲಗಿಸಿ, ಮುಖದ ಮೇಲೆ ಪಂಜರದಂಥದ್ದು ಮುಚ್ಚಿ, "ಎದುರಿಗೆ ಕಾಣೋ ಪ್ಲಸ್ ಗುರುತನ್ನ ನೋಡ್ತಿರಿ. ಏನೂ ಯೋಚನೆ ಮಾಡ್ಬೇಡಿ," ಎಂದು ಸುಪ್ರಜಾ ಸ್ಪೀಕರಿನಲ್ಲಿ ಹೇಳಿದಳು. ಇವರಿಗೆಲ್ಲ ಏನೂ ಯೋಚನೆ ಮಾಡದೆ ಇರಲು ಬರುತ್ತದೆಯೇ ಎಂದು ಗಗನಾ ಯೋಚಿಸಿದಳು. ಅಲ್ಲದೆ ಪ್ಲಸ್ಸು. ಎ ಪ್ಲಸ್ ಬಿ. ಮಷೀನು ಬಡಿಯತೊಡಗಿತು, ಸುಲ್ತಾನ್‌ಪೇಟೆಯ ಅಚ್ಚಿನ ಮನೆಗಳೆಲ್ಲ ಒಂದೇ ಡ್ರಮ್ಮಿನೊಳಗೆ ಸೇರಿ ಓಡಿದ ಹಾಗೆ, ಆ ಬಡಿತಕ್ಕೆ ತಾಳ ಹಾಕಿಕೊಂಡು ಮಿಸ್ ತಪ್ಪು ತಪ್ಪು ತಪ್ಪು ಎನ್ನುತ್ತಿದ್ದರು. ಇಷ್ಟು ಸ್ಪಷ್ಟವಾಗಿ ಅವರು ಯಾವತ್ತೂ ಹೇಳಿರಲಿಲ್ಲ. ಹೇಳಿ ಮಿಸ್, ಇನ್ನೂ ಜೋರಾಗಿ ಹೇಳಿ, ಎಂದು ಗಗನಾ ಮನಸ್ಸಿನಲ್ಲೇ ಬೇಡಿಕೊಂಡಳು. ಫೋಟೋ ತೆಗೆಯುವವರ ಮುಂದೆ ಮಗುವನ್ನು ನಗಿಸಲು ಹೆಣಗುವ ತಾಯಿಯಂತಾಗಿದ್ದಳು. ಹೊರಗೆ ಬಂದಾಗ ಬೆನ್ನೆಲ್ಲ ಬೆವರಿತ್ತು. ಸಿಕ್ಕಿಬಿದ್ದರು ಎಂದುಕೊಂಡಳು.

ಮಿಸ್ಸಿನ ವಿಷಯ ಮನೆಯಲ್ಲಿ ಗೊತ್ತಿರಲಿಲ್ಲ. ಮನೆಯಲ್ಲಿ ಗೊತ್ತಿದ್ದದ್ದು, ದೊಡ್ಡ ಡಾಕ್ಟರು ನಾರ್ಮಲ್ ಜನರನ್ನು ಹುಡುಕುತ್ತ ಬಂದು ಬೆಂಗಳೂರಿನಲ್ಲೆಲ್ಲ ತಮ್ಮ ಮಗಳನ್ನೇ ಆರಿಸಿಕೊಂಡರು ಎಂಬುದು. ಅಕ್ಕಯಮ್ಮನಿಗೆ ಇದು ದೇವರೇ ಕಳಿಸಿದ ಕಾಗದ. ಮೂರು ಕಡೆ ಗಂಡಿನವರು ನೋಡಿಕೊಂಡು ಹೋಗಿ, ಹುಡುಗಿ ಮಾತೇ ಆಡಲ್ಲ, ತಲೆ ಸರಿಯಿದೆಯಾ ಎಂದು ಬೇರೆಯವರ ಬಾಯಿಂದ ವಿಚಾರಿಸಿದ್ದರು. ಇವತ್ತು ಬೆಳಿಗ್ಗೆ ಮಗಳು ಹೊರಡುವಾಗ ಅವಳು ಬಾಗಿಲ ಹತ್ತಿರ ತಡೆದು ನಿಲ್ಲಿಸಿದಳು. "ಬರೀ ಫೋಟೋ ಇಸ್ಕೊಂಡ್ ಬರ್ಬೇಡ. ನಾರ್ಮಲ್ ಅಂತ ಲೆಟರ್‌ಹೆಡ್‌ನಾಗೆ ಬರಸ್ಕೊಂಡು, ಸೀಲ್ ಹಾಕಿಸ್ಕೊಂಡು ಬಾ. ನಾಳೆ ಯಲಹಂಕದೋರು ಬತ್ತಾವ್ರೆ, ಮುಖದ್ ಮುಂದೆ ಹಿಡೀತೀನಿ." ಪಕ್ಕದ ಮನೆಯ ಮುನಿಯಕ್ಕ ಕಾಂಪೌಂಡಿನ ಮೇಲೆ ಗಲ್ಲ ಊರಿ ನಿಂತಿದ್ದಳು. ಅಕ್ಕಯಮ್ಮ ಅವಳಿಗೂ ಕೇಳಲಿ ಎಂದು, "ನಮ್ ಗಗನಂಗೆ ನಾರ್ಮಲ್ ಆಯ್ತಂತೆ ಕಣಕ್ಕ, ಕುಮಾರ ಪಾರ್ಕ್ ಡಾಕ್ಟ್ರೇ ಹೇಳವ್ರೆ," ಎಂದಳು. ಮುನಿಯಕ್ಕ ಗಲ್ಲ ಎತ್ತಿದಳು. "ಯಾವಾಗ್ಲಮ್ಮಿ? ಮದ್ವೆಗೇ ಕರೀಲಿಲ್ಲ, ಬಾಣಂತನಕ್ಕೆ ಬಂದ್ಬಿಟ್ರಾ?" ಎಂದು ಗಗನಾಳ ಹೊಟ್ಟೆಯ ಕಡೆ ನೋಡಿದಳು. ಅಕ್ಕಯಮ್ಮ, ಥೂ ನಿನ್ ಬಾಯಿಗೆ, ಅದಲ್ಲ ಕಣೆ, ತಲೆ, ತಲೆ ನಾರ್ಮಲ್ಲು, ಎಂದು ಹಣೆ ಬಡಿದುಕೊಂಡು ತೋರಿಸಿದಳು. "ತಲೆ ಮೊದ್ಲು ಬಂದ್ರೆ ನಾರ್ಮಲ್ಲೇ ಬುಡು," ಎಂದಳು ಮುನಿಯಕ್ಕ. ಗಗನಾ ಚಪ್ಪಲಿ ಮೆಟ್ಟಿಕೊಂಡು ಬೀದಿ ದಾಟಿದ್ದಳು. ಇಬ್ಬರ ನಗು ತಿರುವಿನವರೆಗೂ ಅವಳ ಹಿಂದೆಯೇ ಬಂತು.

ಮೆಜೆಸ್ಟಿಕ್‌ವರೆಗೂ ಅಂಗಡಿಯಿಂದ ನಡೆದು ಮಧ್ಯಾಹ್ನದ ಬಸ್ಸು ಹತ್ತಿದಳು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ ಬಿಟ್ಟಿ, ಆದರೂ ಕೇಂದ್ರದ ಹತ್ತಿರದ ಸ್ಟಾಪು ಯಾವುದೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದಳು. ಕಂಡಕ್ಟರು ಕಿವಿ ಮುಂದೆ ತಂದು, "ಜೋರಾಗಿ ಹೇಳಮ್ಮಾ, ನಾನೇನ್ ನಿನ್ನ ಗಂಡನಾ ಪಿಸುಗುಟ್ಟೋಕೆ," ಎಂದರು. ಬಸ್ಸಿನಲ್ಲಿ ನಾಲ್ಕೈದು ಜನ ನಕ್ಕರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಪರವಾಗಿ, "ಶೇಷಾದ್ರಿಪುರಂ ಅಂತೆ," ಎಂದಳು. ಹೀಗೆ ಯಾರಾದರೂ ಸದಾ ಪಕ್ಕದಲ್ಲಿ ಕೂತಿರಬೇಕು, ಅಥವಾ ಒಂದು ಮಷೀನು. ತಪ್ಪು, ಎಂದರು ಮಿಸ್. ಅವರೂ ಪಕ್ಕದಲ್ಲೇ ಕೂತಿದ್ದರು, ಆದರೆ ಯಾವತ್ತೂ ಅವಳ ಪರವಾಗಿ ಒಂದು ಸ್ಟಾಪಿನ ಹೆಸರು ಹೇಳಿದವರಲ್ಲ. ಸಿಕ್ಕಿಬಿದ್ದ ಮೇಲೆ ಅವರಿಗೆ ಮಾತ್ರೆ ಕೊಡುತ್ತಾರೇನೋ. ಮಾತ್ರೆ ನುಂಗಿದ ಮಿಸ್ ಹೇಗಿರಬಹುದು ಎಂದು ಊಹಿಸಲು ನೋಡಿದಳು. ಮೇಜಿನ ಮೇಲೆ ತಲೆಯಿಟ್ಟು, ಕನ್ನಡಕ ಓರೆಯಾಗಿ, ತೂಕಡಿಸುತ್ತಿದ್ದರು. ಅಯ್ಯೋ ಪಾಪ ಎನಿಸಿತು. ಈ ಪಾಪವನ್ನು ಅವತ್ತು ಸ್ಟಾಫ್ ರೂಮಿನಲ್ಲೇ ಎನ್ನಬಹುದಿತ್ತು ಎಂದೂ ಅನಿಸಿ, ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸುಪ್ರಜಾ ಖುಷಿಯಲ್ಲಿದ್ದಳು. "ಬನ್ನಿ ಗಗನಾ ಅವ್ರೇ, ಬನ್ನಿ. ನಿಮ್ಮನ್ನೇ ಕಾಯ್ತಿದ್ದೆ. ನೀವು ನಮ್ಮ ಸ್ಟಾರ್," ಎಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂರಿಸಿದಳು. ಪರದೆಯ ಮೇಲೆ ಒಂದು ಬೂದು ಬಣ್ಣದ ಹೂಕೋಸು ಇತ್ತು. ಅದು ತಾನು ಎಂದು ನಂಬಲು ಗಗನಾಗೆ ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ವರ್ಷ ಇದರ ಮಾತು ಕೇಳಿಕೊಂಡು ಬದುಕಿದೆನಲ್ಲ ಎನಿಸಿತು. ಸುಪ್ರಜಾ ಒಂದು ಗುಂಡಿ ಒತ್ತಿದಳು, ಹೂಕೋಸಿನಲ್ಲಿ ಅಲ್ಲಲ್ಲಿ ಕೆಂಪು ಹಳದಿ ಹೊತ್ತಿಕೊಂಡಿತು. ಗಗನಾ ಮುಂದಕ್ಕೆ ಬಗ್ಗಿ ಬಲಗಿವಿಯ ಕಡೆ ನೋಡಿದಳು. ಅಲ್ಲಿ ಒಂದು ಕಿಡಿ ಇತ್ತು. ಎಡಗಡೆಯೂ ಅಷ್ಟೇ ದೊಡ್ಡದೊಂದು ಕಿಡಿ ಇತ್ತು. "ಇದೆಲ್ಲಾ ಎಲ್ರಿಗೂ ಇರತ್ತೆ," ಎಂದಳು ಸುಪ್ರಜಾ. "ನೋಡಿ, ಮೂವತ್ತು ಜನ ಪೇಷಂಟ್‌ಗಳು, ಮೂವತ್ತು ಜನ ನಾರ್ಮಲ್. ಕಂಪ್ಯೂಟರ್ ಇವರೆಲ್ಲರದ್ದೂ ನೋಡಿ ಕಲಿತ್ಕೊಂಡು, ಈಗ ಯಾವುದೇ ಸ್ಕ್ಯಾನ್ ಕೊಟ್ರೂ ಎಷ್ಟು ನಾರ್ಮಲ್ ಅಂತ ಹೇಳತ್ತೆ. ನಿಮ್ಮದು ತೊಂಬತ್ತಾರು ಪರ್ಸೆಂಟ್. ಮೂವತ್ತು ಜನದಲ್ಲೇ ಜಾಸ್ತಿ." ದನಿ ಇಳಿಸಿದಳು. "ತಮಾಷೆಗೆ ನಂದೂ ಹಾಕಿ ನೋಡ್ದೆ. ಎಂಬತ್ತೆರಡು. ರಾಮಾನುಜ ಸರ್‌ದು ಎಪ್ಪತ್ತೊಂದು. ಅವರು ಮತ್ತೆ ಸ್ಕ್ಯಾನ್ ಮಾಡಿ ಅಂತಿದಾರೆ, ಅವತ್ತು ಛತ್ರದವರ ಜೊತೆ ಜಗಳ ಆಗಿತ್ತಂತೆ. ಯಾರಿಗೂ ಹೇಳ್ಬೇಡಿ."

ಶುಕ್ರವಾರ ದೊಡ್ಡ ಸಭೆ, ಅದರಲ್ಲಿ ಡಾಕ್ಟರು ತೋರಿಸುವ ನಾರ್ಮಲ್ ಮೆದುಳು ಇದೇ ಎಂದು ಸುಪ್ರಜಾ ಹೇಳುತ್ತಿದ್ದಳು. ಗಗನಾ ಹೂಕೋಸನ್ನು ಪ್ರೂಫ್ ನೋಡುವಂತೆ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಎರಡು ಸಲ ನೋಡಿದಳು. ಮಿಸ್ ಎಲ್ಲೂ ಇರಲಿಲ್ಲ. ಅಷ್ಟು ಜೋರಾಗಿ ಕೂಗಿದ್ದರು, ಬಳೆ ಪಿನ್ನು ಸಮೇತ ಬಂದಿದ್ದರು, ಒಂದು ಗೆರೆಯೂ ಬಿದ್ದಿರಲಿಲ್ಲ. ತಪ್ಪು, ಎಂದರು ಈಗಲೂ, ಬಲಗಿವಿಯ ಹಿಂದಿನಿಂದ, ಆರಾಮವಾಗಿ. ಅಮ್ಮ ಹೇಳಿದ ಲೆಟರನ್ನು ಬಂದ ಕೂಡಲೇ ಚೀಟಿಯಲ್ಲಿ ಬರೆದು ಕೇಳಿದ್ದಳು, ಇನ್ನು ಅದು ಕಷ್ಟವಿಲ್ಲ, ಸೀಲ್ ಸಮೇತ ಸಿಗುತ್ತದೆ. ಯಲಹಂಕದವರ ಮುಖದ ಮುಂದೆ ಹಿಡಿಯಬಹುದು. ಮದುವೆಯಾಗಬಹುದು, ಮಿಸ್ಸನ್ನೂ ಕರೆದುಕೊಂಡು ಗಂಡನ ಮನೆಗೆ ಹೋಗಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಸಾಯುವವರೆಗೂ ಯಾರಿಗೂ. ಈ ಕೊನೆಯ ಮಾತನ್ನು ಅವಳು ಎರಡನೇ ಸಲ ಓದಿಕೊಂಡಳು. ತನ್ನ ದನಿ ಎಲ್ಲಿಂದಲೋ ಬಂದಂತೆ ಕೇಳಿಸಿತು.

"ಮಷೀನಿಗೆ ಹೆಂಗೆ ಗೊತ್ತಾಗುತ್ತೆ ಮೇಡಂ?"

"ಏನು?"

"ಯಾರು ನಾರ್ಮಲ್, ಯಾರು ಅಲ್ಲ ಅಂತ."

"ನಾವು ಹೇಳಿಕೊಡ್ತೀವಲ್ಲ. ಇವರು ಪೇಷಂಟು, ಇವರು ನಾರ್ಮಲ್ಲು ಅಂತ ಮೊದಲು ನಾವೇ ಗುರುತು ಮಾಡಿ ಕೊಡ್ತೀವಿ. ಅದನ್ನ ನೋಡಿ ಅದು ಕಲಿಯತ್ತೆ."

"ನಿಮಗೆ ಹೆಂಗೆ ಗೊತ್ತು?"

ಸುಪ್ರಜಾ ನಕ್ಕಳು. "ನೀವೇ ಹೇಳಿದ್ರಲ್ಲ. ಫಾರಂನಲ್ಲಿ."

ಗಗನಾಗೂ ನಗು ಬಂತು, ತಡೆದುಕೊಂಡಳು. ಇಷ್ಟು ದೊಡ್ಡ ಮಷೀನು, ಇಷ್ಟು ಸದ್ದು, ಓಲೆ ಬಿಚ್ಚಿಸಿ ಮಲಗಿಸಿದ್ದು, ತೊಂಬತ್ತಾರು, ಶುಕ್ರವಾರದ ಸಭೆ, ಎಲ್ಲ ಅವಳು ದುಂಡಗೆ ಬರೆದ ಎರಡಕ್ಷರದ ಮೇಲೆ ನಿಂತಿತ್ತು. ಮಷೀನು ಅವಳ ಬಾಯಿಂದ ಕೇಳಿದ್ದನ್ನೇ ಅವಳಿಗೆ ವಾಪಸ್ಸು ಹೇಳುತ್ತಿತ್ತು. ಮುಂದೆ ಇನ್ಯಾರೋ ಒಬ್ಬಳು ಹೀಗೇ ಬಾಯಿ ಬಿಡಲಾರದವಳು ಬಂದು ಮಲಗುತ್ತಾಳೆ, ಅವಳ ತಲೆಯನ್ನು ಈ ತಲೆಯ ಪಕ್ಕ ಇಟ್ಟು ನೋಡಿ, ನಿನಗೇನೂ ಇಲ್ಲ ಹೋಗಮ್ಮ ಎನ್ನುತ್ತಾರೆ. "ಏಳನೇದು," ಎಂದಳು. "ಏಳನೇ ಪ್ರಶ್ನೆ. ಅದು ಇಲ್ಲ ಅಲ್ಲ. ಹೌದು."

ಸುಪ್ರಜಾ ಕಪಾಟಿನಿಂದ ಫಾರಂ ತೆಗೆದು ಏಳನೆಯದನ್ನು ಓದಿದಳು, ಗಗನಾಳನ್ನು ನೋಡಿದಳು, ಮತ್ತೆ ಓದಿದಳು. "ಯಾವಾಗಿಂದ?" "ಒಂಬತ್ತನೇ ಕ್ಲಾಸಿಂದ." "ಸ್ಕ್ಯಾನರ್ ಒಳಗಿದ್ದಾಗ?" "ಜೋರಾಗಿ." "ಈಗ?" ಗಗನಾ ತಲೆ ಆಡಿಸಿದಳು. ಸುಪ್ರಜಾ ಹಣೆಗೆ ಕೈ ಹಚ್ಚಿದಳು. ಆ ಕೈ ಕನಿಕರದ್ದಲ್ಲ ಎಂದು ಗಗನಾಗೆ ಗೊತ್ತಾಯಿತು. ಮೂವತ್ತು ಇಪ್ಪತ್ತೊಂಬತ್ತಾಗುವಾಗ ಹಚ್ಚುವ ಕೈ ಅದು. ಡಾಕ್ಟರಿಗೆ ಫೋನ್ ಹೋಯಿತು. ಅವರು ಯಾವುದೋ ಸೀರೆ ಅಂಗಡಿಯಲ್ಲಿದ್ದರು, ಹಿಂದೆ ಯಾರೋ ಬಾರ್ಡರ್ ತೋರಿಸಿ ಎನ್ನುತ್ತಿದ್ದುದು ಸ್ಪೀಕರಿನಲ್ಲಿ ಕೇಳುತ್ತಿತ್ತು. "ಯಾರು, ಆ ವಧೆ ಹುಡುಗೀನಾ? ಅವಳ ತಲೆ ನನ್ನ ಸ್ಲೈಡ್‌ನಲ್ಲಿದೆಯಲ್ಲಮ್ಮಾ." "ಹೌದು ಸರ್. ನಾರ್ಮಲ್ ಅಂತ." "ಪೇಷಂಟ್ ಗುಂಪಿಗೆ ಹಾಕಕ್ಕಾಗತ್ತಾ?" "ಡಯಾಗ್ನೋಸಿಸ್ ಆಗಿಲ್ವಲ್ಲ ಸರ್." "ಎರಡರಿಂದಲೂ ತೆಗೀರಿ. ಸ್ಲೈಡ್ ಬದಲಾಯಿಸಿ. ಫೋನ್ ಅವಳ ಕೈಗೆ ಕೊಡಿ." ಗಗನಾ ಫೋನ್ ಹಿಡಿದಳು. ಡಾಕ್ಟರು ಸೀರೆ ಅಂಗಡಿಯ ಸದ್ದಿನಿಂದ ಹೊರಗೆ ಬಂದರೇನೋ, ಅವರ ಉಸಿರು ಹತ್ತಿರದಲ್ಲಿ ಕೇಳಿಸಿತು. ಅವರು ಗಂಟಲು ಸರಿಮಾಡಿಕೊಂಡು, "ಏನಾಗ್ತಿದೆ ಹೇಳಮ್ಮ," ಎಂದರು.

ಅವಳು ಹೇಳಿದಳು. ತಪ್ಪು ಅಂತಾರೆ, ಲೆಕ್ಕದ ಮಿಸ್ಸು, ಬಲಗಿವಿಯ ಹಿಂದಿನಿಂದ. ಬೇರೆ ಏನೂ ಹೇಳಲ್ಲ. ಏನು ಮಾಡು ಅಂತ ಹೇಳಲ್ಲ. ಬೈಯಲ್ಲ. ಹೇಳುವಾಗ ಅದು ಎಷ್ಟು ಚಿಕ್ಕದು ಎನಿಸಿತು, ಹನ್ನೆರಡು ವರ್ಷ ಬಚ್ಚಿಡುವಷ್ಟು ದೊಡ್ಡದಲ್ಲ ಎಂದು ಡಾಕ್ಟರು ನಗುತ್ತಾರೇನೋ ಎಂದು ಕಾದಳು. ಅವರು ನಗಲಿಲ್ಲ. "ಯಾವುದು ತಪ್ಪು ಅಂತಾರೆ?" ಎಂದು ಕೇಳಿದರು. ಗಗನಾ ಬಾಯಿ ತೆರೆದಳು. ಇಷ್ಟು ವರ್ಷದಲ್ಲಿ ಅವಳು ತಪ್ಪನ್ನು ಕಾರ್ಡುಗಳಲ್ಲಿ ಹುಡುಕಿದ್ದಳು, ಸಾರಿನ ಉಪ್ಪಿನಲ್ಲಿ, ರಂಗೋಲಿಯ ಚುಕ್ಕೆಯಲ್ಲಿ, ಉಟ್ಟ ಬಟ್ಟೆಯಲ್ಲಿ ಹುಡುಕಿದ್ದಳು. ಮಿಸ್ಸನ್ನೇ ತಿರುಗಿ ಕೇಳಿರಲಿಲ್ಲ. ಈಗ ಸ್ಟಾಫ್ ರೂಮಿನಲ್ಲಿ ಡಬ್ಬಿಯ ಮುಚ್ಚಳ ಹಿಡಿದು ತನ್ನನ್ನೇ ನೋಡುತ್ತ ನಿಂತ ಮಿಸ್ ನೆನಪಾದರು. "ಗೊತ್ತು," ಎಂದಳು, "ಆದ್ರೆ ನಿಮಗಲ್ಲ ಸಾರ್ ಮೊದ್ಲು ಹೇಳ್ಬೇಕಾದ್ದು." "ಸರಿ. ಧ್ವನಿ ಕೇಳ್ಸೋದೆಲ್ಲಾ ಕಾಯಿಲೆ ಅಲ್ಲಮ್ಮ. ಇರಬಹುದು, ಇಲ್ಲದೇನೂ ಇರಬಹುದು. ನಿಮ್ಮಮ್ಮನ್ನ ಕರ್ಕೊಂಡು ಮಂಗಳವಾರ ಬಾ, ಕೂತು ಮಾತಾಡೋಣ. ಮಷೀನ್ ಬೇಡ," ಎಂದರು ಡಾಕ್ಟರು. ಹಿಂದಿನಿಂದ ಯಾರೋ, ಅಪ್ಪಾ, ಬಿಲ್ ಹಾಕಿಸ್ತಿದಾರೆ ಬನ್ನಿ, ಎಂದರು. ಸುಪ್ರಜಾ ಪರದೆಯಲ್ಲಿ ಅವಳ ಹೆಸರಿನ ಸಾಲನ್ನು ಹುಡುಕಿ ಅಳಿಸುತ್ತಿದ್ದಳು. ಅಳಿಸಿ ಮುಗಿದ ಮೇಲೆ, "ನಾರ್ಮಲ್ ಅಂತ ಲೆಟರ್ ಕೇಳಿದ್ರಿ ಅಲ್ವಾ," ಎಂದು ಸಂಕೋಚದಿಂದ ನಿಲ್ಲಿಸಿದಳು. ಬೇಡ, ಎಂದಳು ಗಗನಾ.

ಹೊರಗೆ ಸಂಜೆಯ ಬಿಸಿಲು ಇನ್ನೂ ಇತ್ತು. ಶಾಲೆ ಬಿಟ್ಟ ಹುಡುಗಿಯರು ಐಸ್‌ಕ್ಯಾಂಡಿ ತಿನ್ನುತ್ತಾ ಗೇಟಿನ ಮುಂದೆ ಹಾದುಹೋದರು. ಗಗನಾ ಒಂದು ಹೊಂಗೆ ಮರದ ಕೆಳಗೆ ನಿಂತು ಮನೆಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದ ಅಕ್ಕಯಮ್ಮ ಹಲೋ ಎನ್ನದೆ, "ಲೆಟರ್ ಸಿಕ್ತಾ?" ಎಂದಳು.

"ಇಲ್ಲ." ಅವಳು ಮರದ ತೊಗಟೆಯನ್ನು ಉಗುರಿನಿಂದ ಕೆರೆದಳು. "ಅಮ್ಮ, ಅಲಮೇಲು ಮಿಸ್ ನನ್ನ ಹೊಡೆದಿರ್ಲಿಲ್ಲ."

ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅಕ್ಕಯಮ್ಮ ಒಲೆ ಆರಿಸಿದ ಸದ್ದು ಕೇಳಿತು.

"ಗೊತ್ತು," ಎಂದಳು.

"ಏನು ಗೊತ್ತು?"

"ಅವತ್ತೇ ಗೊತ್ತಿತ್ತು ಕಣೆ. ಬೆಳಕಿಗೆ ಹಿಡ್ದು ನೋಡಿದ್ನಲ್ಲ, ಎರಡು ಕೆನ್ನೇಲೂ ಏನೂ ಇರ್ಲಿಲ್ಲ."

"ಮತ್ತೆ ಯಾಕೆ ಹೋಗಿ ಅಷ್ಟು ಬೈದೆ ಅವ್ರನ್ನ?"

ಅಕ್ಕಯಮ್ಮನ ದನಿ ಜಗಳದ್ದೇ ಆಗಿತ್ತು. "ನೀನು ಹೇಳ್ದೆ ಅಂತ. ಹತ್ತು ಸಲ ಕೇಳಿದ್ ಮೇಲೆ ಬಾಯ್ ಬಿಟ್ಟಿದ್ದು ಅದೊಂದ್ ಮಾತು. ಸುಳ್ಳು ಅಂದ್ಬಿಟ್ರೆ ನೀನು ಇನ್ನೊಂದ್ ಮಾತು ಆಡ್ತಿದ್ಯಾ?"

ಗಗನಾ ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿಕೊಂಡಳು.

"ಇನ್ನೊಂದಿದೆ ಅಮ್ಮ," ಎಂದಳು. "ಉದ್ದ ಇದೆ. ಕೂತ್ಕೋ."

"ನಿಂತ್ಕಂಡೇ ಕೇಳ್ತೀನಿ," ಎಂದಳು ಅಕ್ಕಯಮ್ಮ. "ಹೇಳು."